ಕೆರೆಯಂಗಳದಲ್ಲಿ ನಾಲ್ಕನೆಯ ಗಾಡಿ

ಯಾರಾದರೂ “ಕಣ್ಣಾರೆ ಕಂಡದ್ದು” ಎಂದು ಮಾತು ಶುರು ಮಾಡಿದರೆ ನಾನು ಮೊದಲು ಅವರ ಕಣ್ಣನ್ನೇ ಅನುಮಾನಿಸುತ್ತಿದ್ದವನು. ಹುಣಸೆಮರದ ದೆವ್ವ, ಬಿಳಿ ಸೀರೆಯ ಹೆಂಗಸು, ಕರೆದರೂ ತಿರುಗಿ ನೋಡಬಾರದ ದಾರಿ, ಇಂಥವನ್ನೆಲ್ಲ ನಮ್ಮ ಶಿಕಾರಿಪುರದಲ್ಲಿ ಎಲೆಯಡಿಕೆಯ ಜೊತೆಗೆ ಹಂಚುತ್ತಿದ್ದರು. ನಾನು ಕೇಳಿ ನಗುತ್ತಿದ್ದೆ. ಸಾಲದ್ದಕ್ಕೆ ಮರುದಿನ ನಾಲ್ಕು ಜನರೆದುರು ಹೇಳಿದವರನ್ನು ಅಣಕಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ಇದರಲ್ಲಿ ಮುಕ್ಕಾಲು ಪಾಲು ನಗುವಂಥದ್ದೇ. ಉಳಿದ ಕಾಲು ಪಾಲಿಗೆ ಮಾತ್ರ ನನ್ನ ಬಳಿ ಉತ್ತರವಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಜೀಪುಗಳು ಕೈಯಿಂದ ಕೈಗೆ ದಾಟಿ ನಮ್ಮ ಕಡೆಗೂ ಬಂದಿದ್ದವು. ಅಂಥ ಮೂರು ಜೀಪುಗಳನ್ನು ಸೇರಿಸಿ ನಾವೊಂದು ಜೀಪು ಸಂಘ ಕಟ್ಟಿಕೊಂಡಿದ್ದೆವು. ಸಂಘವೆಂದರೆ ಕಚೇರಿಯೂ ಇಲ್ಲ, ಬೋರ್ಡೂ ಇಲ್ಲ. ಭಾನುವಾರ ಬೆಳಿಗ್ಗೆ ತಿಂಡಿ ತಿಂದು, ರಸ್ತೆ ಬಿಟ್ಟು ಎಲ್ಲೆಲ್ಲಿ ಗಾಡಿ ಹೋಗಬಾರದೋ ಅಲ್ಲಲ್ಲಿ ಹೋಗುವುದು, ಅಷ್ಟೇ.

ಸಂಘದ ಗುರುಗಳು ಬಾಷಾ ಸಾಹೇಬರು. ಅವರದು ಪೇಟೆಯಲ್ಲಿ ಬಟ್ಟೆ ಅಂಗಡಿಯ ಮನೆತನ. ಯುದ್ಧದ ಕಾಲಕ್ಕೆ ಅವರು ಸೈನ್ಯ ಸೇರಿ ಈಜಿಪ್ಟಿನ ಮರುಭೂಮಿಯಲ್ಲಿ ಲಾರಿ ಓಡಿಸಿ ಬಂದಿದ್ದರು. ವಾಪಸು ಬಂದು ಅಣ್ಣನ ಅಂಗಡಿಯಲ್ಲಿ ಕೂತರೂ ಮನಸ್ಸು ಅಲ್ಲೇ ಉಳಿದಿತ್ತು. ಗಿರಾಕಿಗೆ ಮಲ್ ಬಟ್ಟೆ ಹರಿಯುತ್ತಲೇ ಮರಳುದಿಬ್ಬ ಹತ್ತಿಸುವುದು ಹೇಗೆಂದು ವಿವರಿಸುತ್ತಿದ್ದರು, ಬಟ್ಟೆ ಸೊಟ್ಟಗೆ ಹರಿಯುತ್ತಿತ್ತು. ನಮ್ಮ ಕಡೆ ಮರುಭೂಮಿ ಎಲ್ಲಿಂದ ತರುವುದು? ಬೇಸಿಗೆಯಲ್ಲಿ ಬತ್ತಿದ ಕೆರೆಗಳ ಅಂಗಳವನ್ನೇ ಅವರು ಮರುಭೂಮಿ ಮಾಡಿಕೊಂಡರು. ಗಾಲಿಯ ಗಾಳಿ ಇಳಿಸುವುದು, ಮುಂದಿನ ಗಾಡಿಯ ಜಾಡಿನಲ್ಲೇ ಹೋಗುವುದು, ಬ್ರೇಕು ಮುಟ್ಟದಿರುವುದು, ಎಲ್ಲವನ್ನೂ ಅಲ್ಲಿ ಕಲಿಸಿದರು. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ನಿಮ್ಮ ಹಿಂದಿನ ಗಾಡಿ ನಿಮ್ಮ ಹೊಣೆ. ಅದು ಸಿಕ್ಕಿಬಿದ್ದು ಉದ್ದಕ್ಕೆ ಹಾರ್ನ್ ಹೊಡೆದರೆ ನೀವು ನಿಲ್ಲಲೇಬೇಕು. ಮರುಭೂಮಿಯಲ್ಲಿ ಒಂಟಿಯಾಗಿ ಉಳಿದವನು ಉಳಿಯುವುದಿಲ್ಲ ಎನ್ನುವಾಗ ಮಾತ್ರ ಸಾಹೇಬರ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಎರಡನೆಯ ಜೀಪು ಸೊರಬದ ಶಾಂತಪ್ಪ ವಕೀಲರದು. ದೊಡ್ಡ ಮೈ, ದೊಡ್ಡ ನಗು, ಯಾವಾಗಲೂ ಗರಿಗರಿ ಬಿಳಿ ಅಂಗಿ. ಧೂಳಾಟಕ್ಕೆ ಬಿಳಿ ಅಂಗಿ ಹಾಕಿ ಬರುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಮೂರನೆಯದು ನಮ್ಮ ಅಕ್ಕಿ ಗಿರಣಿಯ ಜೀಪು. ಗಿರಣಿಗೆಂದು ಅಪ್ಪ ಕೊಂಡದ್ದನ್ನು ಭಾನುವಾರ ನಾನು ಹಾರಿಸಿಕೊಂಡು ಹೋಗುತ್ತಿದ್ದೆ. ಸಂಘದಲ್ಲಿ ಅತ್ಯಂತ ಹೊಸಬ ನಾನೇ. ಆದ್ದರಿಂದ ಅತ್ಯಂತ ಹೆಚ್ಚು ಸಲ ಗಾಡಿ ಹೂತುಕೊಂಡವನೂ ನಾನೇ.

ಹೂತಾಗಲೆಲ್ಲ ಹತ್ತಿರದ ಊರಿನಿಂದ ಎತ್ತು ತರಿಸಬೇಕಿತ್ತು. ಈಸೂರಿನ ಹತ್ತಿರ ಹೊಳೆಯ ಮರಳಿನಲ್ಲಿ ಸಿಕ್ಕಿಬಿದ್ದಾಗ ಇಡೀ ಊರೇ ದಂಡೆಯ ಮೇಲೆ ಬಂದು ಕೂತಿತ್ತು. ಬಿಳಿಯರ ಸರ್ಕಾರಕ್ಕೇ ಸೊಪ್ಪು ಹಾಕದ ಊರು, ಗಿರಣಿಯವರ ಮಗನನ್ನು ಬಿಡುತ್ತದೆಯೇ? ಅಲ್ಲಿಂದ ನಮ್ಮ ಜೀಪಿಗೆ ಎತ್ತಿನ ಜೀಪು ಎಂದು ಹೆಸರು ಬಿತ್ತು. ಸಂತೆಯಲ್ಲಿ ಯಾರೋ ಅಪ್ಪನನ್ನೇ ಹಿಡಿದು ಜೀಪಿಗೆ ಹಿಂಡಿ ಎಷ್ಟು ಹಾಕುತ್ತೀರಿ ಎಂದು ಕೇಳಿದರಂತೆ. ಅಪ್ಪ ಮನೆಗೆ ಬಂದವರೇ ಅಡುಗೆಮನೆಯವರೆಗೂ ಕೇಳುವಂತೆ ತೀರ್ಪು ಕೊಟ್ಟರು. ಬರುವ ಭಾನುವಾರ ಸೊರಬಕ್ಕೆ ಹೋಗಿ ಬಾ. ಎತ್ತಿನ ಹಂಗಿಲ್ಲದೆ ವಾಪಸು ಬಂದರೆ ಜೀಪು ನಿನ್ನದು. ಒಂದು ಎತ್ತು ಹೂಡಿದರೂ ಸೋಮವಾರ ಬೆಳಿಗ್ಗೆ ಅದು ಸಾಗರದ ನಿನ್ನ ಭಾವನ ಮನೆಗೆ ಹೋಗುತ್ತದೆ. ಅಪ್ಪ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಆ ಜೀಪು ನನಗೆ ಎಷ್ಟು ಬೇಕಾಗಿತ್ತೆಂದು ಈಗ ಹೇಳಿದರೆ ಹುಡುಗಾಟ ಎನಿಸಬಹುದು. ವಾರವಿಡೀ ಹೊಟ್ಟು, ತೌಡು, ಬೆಲ್ಟಿನ ಸದ್ದಿನ ನಡುವೆ ಬದುಕುವವನಿಗೆ ಭಾನುವಾರ ಒಂದೇ ಉಸಿರಾಟ. ಆ ವಾರ ನನಗೆ ಅನ್ನ ಸೇರಲಿಲ್ಲ.

ಭಾನುವಾರ ಹೊರಟೆವು. ಸಾಹೇಬರು ಮುಂದೆ, ಹೊಸಬನಾದ ನಾನು ನಡುವೆ, ಹಿಂದಿನ ರಾತ್ರಿಯೇ ಬಂದು ತಂಗಿದ್ದ ವಕೀಲರು ಹಿಂದೆ. ಎಂದೂ ಅದೇ ಸಾಲು. ಗದ್ದೆ ಬಯಲು, ಗಾಡಿಜಾಡು, ಹಳ್ಳ, ಒಂದೊಂದನ್ನೇ ದಾಟಿ ಕುಪ್ಪಗಡ್ಡೆ ಮುಟ್ಟುವಷ್ಟರಲ್ಲಿ ನನಗೆ ಸ್ವಲ್ಪ ಧೈರ್ಯ ಬಂದಿತ್ತು. ಅಲ್ಲಿ ವಕೀಲರ ಕಕ್ಷಿಗಾರರೊಬ್ಬರು ನಮ್ಮನ್ನು ಹಿಡಿದು ಕೂರಿಸಿ ಕಡುಬು ಕೊಟ್ಟರು. ವಕೀಲರು ಕಡುಬಿನ ವಿಷಯದಲ್ಲಿ ವಾಯಿದೆ ಕೇಳುವವರಲ್ಲ. ಸೊರಬದಲ್ಲಿ ಅವರ ಮನೆಯ ಊಟ ಬೇರೆ. ನಮ್ಮನ್ನು ಅರ್ಧ ದಾರಿ ಕಳಿಸಿ ಬರುತ್ತೇನೆಂದು ವಕೀಲರೂ ಜೊತೆಗೆ ಬಂದರು. ವಾಪಸು ಹೊರಟಾಗ ಮೂವರೂ ಹಾಡುವ ಹದದಲ್ಲಿದ್ದೆವು.

ಬಿಸಿಲು ಇಳಿಯುವ ಹೊತ್ತಿಗೆ ತಾಳಗುಂದದ ಈಚೆಗಿನ ಒಂದು ದೊಡ್ಡ ಕೆರೆಯ ಅಂಗಳಕ್ಕೆ ಇಳಿದೆವು. ಅದು ಕೊನೆಯ ಗಂಡಾಂತರ. ಮೇಲೆ ಒಣಗಿ ಬಿರಿದ ಮಣ್ಣು, ಅದರ ಕೆಳಗೆ ಹಸಿ ಹೂಳು. ಒಂದೇ ವೇಗದಲ್ಲಿ ಹೋದರೆ ಮೇಲಿನ ಹೆಪ್ಪು ತಡೆಯುತ್ತದೆ. ನಿಂತರೆ ಗಾಲಿ ಇಳಿಯುತ್ತದೆ. ಅಂಗಳದ ಆಚೆ ಏರಿ, ಏರಿಯ ಆಚೆ ಗಟ್ಟಿ ನೆಲ, ಗಟ್ಟಿ ನೆಲದ ಆಚೆ ನನ್ನ ಜೀಪು ನನ್ನದು. ಇಳಿಯುವ ಮುಂಚೆ ಸಾಹೇಬರು ನನ್ನ ಹತ್ತಿರ ಬಂದು, “ಏನರ ಆಗ್ಲಿ, ಕಾಲು ಎತ್ತಬ್ಯಾಡ್ರಿ. ಏರಿ ನೋಡಿಕೋತ ಬರ್ರಿ” ಅಂದರು.

ಅವರ ಜೀಪಿನ ಧೂಳು ಗೋಡೆಯಂತೆ ಎದ್ದಿತು. ನಾನು ಅವರ ಜಾಡು ಹಿಡಿದು, ಹಲ್ಲು ಕಚ್ಚಿಕೊಂಡು ಹೊಡೆಯುತ್ತಿದ್ದೆ. ಅರ್ಧ ಅಂಗಳ ದಾಟಿರಬೇಕು. ಹಿಂದಿನಿಂದ ಹಾರ್ನ್ ಕೇಳಿಸಿತು. ಉದ್ದಕ್ಕೆ, ಬಿಡದೆ, ಸಿಕ್ಕಿಬಿದ್ದವರು ಹೊಡೆಯುವ ಹಾರ್ನ್. ತಲೆ ತಿರುಗಿಸಿ ನೋಡಿದೆ. ಧೂಳಿನ ಆಚೆ ಒಂದು ಗಾಡಿ ಓರೆಯಾಗಿ ನಿಂತಿತ್ತು. ಪಕ್ಕದಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ಒಂದು ಬಟ್ಟೆಯನ್ನು ತಲೆಯ ಮೇಲೆ ಎತ್ತಿ ಬೀಸುತ್ತಿದ್ದ. ವಕೀಲರು ಹೂತರು ಅಂದುಕೊಂಡೆ.

ನಿಜ ಹೇಳಬೇಕೆಂದರೆ, ನನಗೆ ಮೊದಲು ಬಂದದ್ದು ಸಿಟ್ಟು. ಎಲ್ಲ ಬಿಟ್ಟು ಇವತ್ತೇ, ಇಲ್ಲೇ ಹೂತುಕೊಳ್ಳಬೇಕಿತ್ತೇ ಈ ಮನುಷ್ಯ? ನಿಂತರೆ ನನ್ನ ಗಾಲಿ ಇಳಿಯುತ್ತದೆ, ಇಳಿದರೆ ಎತ್ತು ಬರುತ್ತದೆ, ಎತ್ತು ಬಂದರೆ ಜೀಪು ಸಾಗರಕ್ಕೆ. ಏರಿ ಕಾಣುತ್ತಿತ್ತು. ಏರಿ ಮುಟ್ಟಿ, ಅಲ್ಲಿಂದ ನಡೆದು ಬಂದರೂ ಆಗುತ್ತಿತ್ತೇನೋ. ಆದರೆ ಆ ಹಾರ್ನ್ ನಿಲ್ಲಲಿಲ್ಲ. ಹಿಂದಿನ ಗಾಡಿ ನನ್ನ ಹೊಣೆ. ನಾನು ಕಾಲು ಎತ್ತಿದೆ. ಜೀಪು ಎರಡು ಸಲ ತಡವರಿಸಿ ನಿಂತು, ನನ್ನ ಕಣ್ಣೆದುರೇ ಮೆಲ್ಲಗೆ ಅಚ್ಚಿನವರೆಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಇಳಿದು ಹಿಂದಕ್ಕೆ ಓಡಿದೆ.

ಓಡುತ್ತಿದ್ದಂತೆ ಹಾರ್ನ್ ನಿಂತಿತು. ಧೂಳು ಆರಿತು. ಅಲ್ಲಿ ಯಾರೂ ಇರಲಿಲ್ಲ. ಗಾಡಿಯೂ ಇಲ್ಲ, ಮನುಷ್ಯನೂ ಇಲ್ಲ, ಬಿರಿದ ಮಣ್ಣಿನ ಬಯಲು ಮಾತ್ರ. ಹೂಳು ಗಾಡಿಯನ್ನೇ ನುಂಗಿತೋ ಏನೋ ಎಂದು ಹೆದರಿ, ವಕೀಲರನ್ನು ಹೆಸರು ಹಿಡಿದು ಕೂಗಿದೆ. ಉತ್ತರ ನನ್ನ ಬೆನ್ನ ಹಿಂದಿನಿಂದ, ಏರಿಯ ಕಡೆಯಿಂದ ಬಂತು.

“ಎಂತ ಆಯ್ತು ಮಾರಾಯ್ರೆ? ನಾನು ಇಲ್ಲಿದ್ದೇನಲ್ಲ.”

ತಿರುಗಿದರೆ ಶಾಂತಪ್ಪ ವಕೀಲರು ಸಾಹೇಬರ ಜೊತೆ ನಡೆದು ಬರುತ್ತಿದ್ದರು. ಅಂಗಿ ಬೆಳಗ್ಗಿನಷ್ಟೇ ಬೆಳ್ಳಗಿತ್ತು. ಎರಡು ಜೀಪಿನ ಧೂಳು ತಿಂದು ಸಾಕಾಗಿ, ಅಂಗಳಕ್ಕೆ ಇಳಿದ ಕೂಡಲೇ ಅವರು ಎಡಕ್ಕೆ ದೂರ ಹೊರಳಿ ನನ್ನನ್ನು ದಾಟಿ ಏರಿ ಸೇರಿದ್ದರಂತೆ. ಗಾಳಿ ಆ ಕಡೆಗೆ ಬೀಸುತ್ತಿದ್ದುದರಿಂದ ನನಗೆ ಕಂಡಿರಲಿಲ್ಲ. ಸಾಲು ಮುರಿದದ್ದಕ್ಕೆ ಸಾಹೇಬರಿಂದ ಬೈಸಿಕೊಂಡೇ ಬಂದಿದ್ದರು. ಹಾರ್ನ್ ಅವರಿಬ್ಬರಿಗೂ ಕೇಳಿರಲಿಲ್ಲ.

ನಾನು ಕಂಡದ್ದನ್ನು ಹೇಳಿದೆ. ವಕೀಲರು ಕಡುಬಿನ ಪ್ರಭಾವ ಎಂದರು. ಸಾಹೇಬರು ಮಾತ್ರ ಗಂಭೀರವಾಗಿ ಮರೀಚಿಕೆಯ ಪಾಠ ಶುರು ಮಾಡಿದರು. ಮರುಭೂಮಿಯಲ್ಲಿ ಅವರು ಇಡೀ ಊರುಗಳನ್ನೇ ಕಂಡಿದ್ದರಂತೆ, ಮಸೀದಿ ಸಮೇತ. ಪಾಠ ನಡುವಿನಲ್ಲೇ ನಿಂತಿತು. ಅವರು ನೆಲ ನೋಡುತ್ತಿದ್ದರು. ಸಾಹೇಬರ ಜಾಡು, ಅದರ ಮೇಲೆ ನನ್ನದು, ಅವೆರಡೂ ಸರಿ. ಅದರ ಪಕ್ಕಕ್ಕೆ ಇನ್ನೊಂದು ಜಾಡು ನಮ್ಮ ಹಿಂದೆಯೇ ಬಂದಿತ್ತು. ಹೊಸ ಜಾಡು, ಒಡೆದ ಮಣ್ಣಿನ ಅಂಚು ಇನ್ನೂ ಹಸಿಯಾಗಿತ್ತು. ಜೀಪಿನದಕ್ಕಿಂತ ಸಪೂರ ಗಾಲಿ. ಎತ್ತಿನ ಗಾಡಿ ಎಂದು ವಕೀಲರು ವಾದ ಹೂಡಿದರು. ಎತ್ತಿನ ಗಾಡಿಯಾದರೆ ನಡುವೆ ಗೊರಸಿನ ಗುರುತು ಬೇಕಲ್ಲ? ಇರಲಿಲ್ಲ. ನಾನು ಗಾಡಿ ಕಂಡ ಜಾಗದವರೆಗೆ ಜಾಡು ಬಂದಿತ್ತು. ಅಲ್ಲಿ ಮುಗಿದಿತ್ತು. ಮುಂದಕ್ಕೂ ಹೋಗಿರಲಿಲ್ಲ, ಹಿಂದಕ್ಕೂ ತಿರುಗಿರಲಿಲ್ಲ.

ಸಾಹೇಬರು ಗೇಣು ಹಾಕಿ ನೋಡಿ, “ಇದು ನಮ್ಮ ಗಾಲಿ ಅಲ್ಲರೀ” ಎಂದು ಎದ್ದು ನಿಂತರು.

ಎತ್ತು ಕರೆಯುವ ಶ್ರಮವೇ ನಮಗೆ ಬೀಳಲಿಲ್ಲ. ಜೀಪು ನಿಂತದ್ದನ್ನು ದೂರದಿಂದಲೇ ಕಂಡ ಊರವರು ರೂಢಿಯಂತೆ ಎರಡು ಜೊತೆ ಎತ್ತು ಹೊಡೆದುಕೊಂಡು ಬರುತ್ತಿದ್ದರು. ಅವರ ಹಿಂದೆ ಕೊಡೆ ಊರಿಕೊಂಡು ಒಬ್ಬ ಹಿರಿಯರು. ನನ್ನ ಅಪ್ಪ. ಭತ್ತ ನೋಡುವ ನೆಪದಲ್ಲಿ ಬಸ್ಸು ಹಿಡಿದು ತಾಳಗುಂದಕ್ಕೆ ಬಂದು, ನಾನು ಹೇಗೆ ಮರಳುತ್ತೇನೆಂದು ಕಾಯುತ್ತಿದ್ದರು. ಇನ್ನು ನಾನು ಏನು ಹೇಳಿದರೂ ಜೀಪು ಉಳಿಸಿಕೊಳ್ಳಲು ಕಟ್ಟಿದ ಕಥೆಯೇ ಆಗುತ್ತಿತ್ತು. ಆದರೂ ಹೇಳಿದೆ, ಇದ್ದದ್ದು ಇದ್ದ ಹಾಗೆ.

ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಆ ಸಪೂರ ಜಾಡಿನ ಗುಂಟ ಅದು ಮುಗಿಯುವವರೆಗೆ ನಡೆದು ಹೋದರು. ಅಲ್ಲಿ ಬಗ್ಗಿ ಕೊಡೆಯ ತುದಿಯಿಂದ ಒಡೆದ ಮಣ್ಣನ್ನು ಮುಟ್ಟಿ ನೋಡಿದರು. ತಿರುಗಿ ಬಂದು ನನ್ನನ್ನು ಪಕ್ಕಕ್ಕೆ ಕರೆದರು.

“ಬಟ್ಟೆ ಬೀಸಿದ್ನಲ್ಲ, ಯಾವ ಕೈಯಾಗ?”

ನಾನು ಕಣ್ಣು ಮುಚ್ಚಿ ನೆನಪಿಸಿಕೊಂಡೆ. “ಎಡಗೈ.”

“ನಿಂತ್ರ ಜೀಪು ಹೋಗ್ತದ ಅಂತ ನಿನಗ ಗೊತ್ತಿತ್ತಲ್ಲ?”

“ಗೊತ್ತಿತ್ತು. ಹಿಂದಿದ್ದವ್ರನ್ನ ಬಿಟ್ಟು ಹೆಂಗ ಬರ್ಲಿ?”

ಅಪ್ಪ ಎತ್ತಿನವರಿಗೆ ಕೈ ಮಾಡಿದರು. ಎತ್ತು ಹೂಡಿದರು, ಊರವರು ನಕ್ಕರು, ಜೀಪು ಮೇಲೆದ್ದಿತು. ಏರಿಯ ಮೇಲೆ ನಾನು ಕೀಲಿಯನ್ನು ಅಪ್ಪನ ಕೈಗೆ ಕೊಡಹೋದೆ. ಅವರು ತೆಗೆದುಕೊಳ್ಳದೆ ಜೀಪಿನೊಳಗೆ ಹತ್ತಿ ಕೂತರು. ಅದುವರೆಗೆ ಒಂದು ಸಲವೂ ಆ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತವರಲ್ಲ.

“ಸಾಗರಕ್ಕೆ ಹೋಗೋದು ಬ್ಯಾಡ. ಮನ್ಯಾಗೇ ಇರ್ಲಿ” ಅಂದರು.

ಸಾಹೇಬರಿಗೂ ವಕೀಲರಿಗೂ ನಂಬಿಕೆಯಾಗಲಿಲ್ಲ. ವಕೀಲರಂತೂ ಕೆರೆಯ ದೆವ್ವ ಕಂಡದ್ದಕ್ಕಿಂತ ನಮ್ಮಪ್ಪ ಮಾತು ಹಿಂದಕ್ಕೆ ತೆಗೆದುಕೊಂಡದ್ದೇ ದೊಡ್ಡ ಪವಾಡ ಎಂದು ಸೊರಬದ ಕೋರ್ಟಿನಲ್ಲೆಲ್ಲ ಹೇಳಿಕೊಂಡು ಬಂದರು. ನಾನು ಗಾಡಿ ಚಾಲೂ ಮಾಡಿ ಹೊರಡುವುದರಲ್ಲಿದ್ದೆ. ಅಪ್ಪ ನನ್ನ ತೋಳು ಮುಟ್ಟಿ, ಒಂದು ಸಲ ಹಾರ್ನ್ ಹೊಡೆ ಅಂದರು. ಹೊಡೆದೆ. ಅಪ್ಪ ಕೆರೆಯ ಕಡೆಗೆ ತಿರುಗಿ ಕಿವಿಗೊಟ್ಟು ಕೂತರು. ಏನೂ ಕೇಳಿಸಲಿಲ್ಲ. ಇನ್ನೊಂದು ಸಲ ಹೊಡೆಸಿದರು. ಆಮೇಲೆ ನಡಿ ಅಂದರು.

ನಮ್ಮ ಸಂಘ ಮುಂದೆ ಎಷ್ಟೋ ವರ್ಷ ನಡೆಯಿತು. ಅದೇ ಅಂಗಳವನ್ನು ಎಷ್ಟೋ ಸಲ ದಾಟಿದೆವು, ಸಾಲು ಮುರಿಯದೆ. ಮತ್ತೆ ಏನೂ ಕಾಣಲಿಲ್ಲ. ಬಿಸಿಲು, ಭಯ, ಹಾರುವ ಧೂಳು, ಮೂರೂ ಸೇರಿ ಒಬ್ಬ ಮನುಷ್ಯನನ್ನು ಮಾಡಬಲ್ಲವು ಎಂದು ನಾನು ಒಪ್ಪುತ್ತೇನೆ. ಆದರೆ ಅವು ಜಾಡು ಮೂಡಿಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅಪ್ಪನ ಆ ಪ್ರಶ್ನೆ. ಯಾವ ಕೈ ಎಂದು ಏಕೆ ಕೇಳಿದರು? ಅಮ್ಮನಿಗೂ ಗೊತ್ತಿರಲಿಲ್ಲ. ಎಡಗೈ ಬಳಸುವ ಯಾರನ್ನೂ ನಮ್ಮ ನೆಂಟರಲ್ಲಿ, ಅಪ್ಪನ ಗೆಳೆಯರಲ್ಲಿ ಅವಳು ಕಂಡಿರಲಿಲ್ಲ. ಮದುವೆಗೆ ಮುಂಚಿನ ಮಾತು ಏನಿತ್ತೋ ಎಂದಳು.

ಅಪ್ಪನನ್ನೇ ಕೇಳಿದೆ. ಮೊದಲ ಸಲ ಮಾತು ತಿರುಗಿಸಿದರು. ಅವರಿಗೆ ವಯಸ್ಸಾಗಿ, ಜಗಲಿಯ ಮೇಲೆ ಕೂತೇ ದಿನ ಕಳೆಯುತ್ತಿದ್ದಾಗ ಇನ್ನೊಮ್ಮೆ ಕೇಳಿದೆ. ನನ್ನ ಮುಖವನ್ನು ಪ್ರೀತಿಯಿಂದ ನೋಡಿ, “ಒಂದ್ಸಲ ನಾ ನಿಂತಿರ್ಲಿಲ್ಲ. ನೀ ನಿಂತ್ಯಲ್ಲ, ಸಾಕು ಬಿಡು” ಅಂದರು. ಅವರಿಗೆ ಅಷ್ಟು ಸಾಕಾಗಿತ್ತು. ನನಗೆ ಇನ್ನೂ ಸಾಕಾಗಿಲ್ಲ.