ಜೀಪು ಬಂದ ಮೇಲೆ

ಹದಿಮೂರನೇ ವಯಸ್ಸು ಅಂದರೆ ನನಗೆ ನೆನಪಾಗುವುದು ಸ್ಕೂಲಲ್ಲ, ಸ್ಕೂಲಿನ ದಾರಿ. ಮಾರನಹಳ್ಳಿ ಕಡೆಯ ನಮ್ಮೂರಿನಿಂದ ಹೈಸ್ಕೂಲಿಗೆ ಎಸ್ಟೇಟ್ ಒಳಗಿನ ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ ನಡಿಗೆ. ಬೆಳಿಗ್ಗೆ ಹೇಗೋ ಓಡುತ್ತಿದ್ದೆವು. ಸಂಜೆ ಮಾತ್ರ ನಾನೂ ನನ್ನ ಗೆಳತಿಯೂ ಸೇರಿ ಅದನ್ನು ಎಷ್ಟು ಬೇಕಾದರೂ ಎಳೆಯುತ್ತಿದ್ದೆವು.

ನಮ್ಮದು ಮೂರೆಕರೆ ಕಾಫಿ. ಅವಳ ಅಮ್ಮ ಪಕ್ಕದ ಎಸ್ಟೇಟಿನಲ್ಲಿ ಕೂಲಿ, ವಾಸ ಕೆಲಸದವರ ಲೈನ್ ಮನೆಗಳಲ್ಲಿ. ಊರೊಳಗೆ ಈ ವ್ಯತ್ಯಾಸವನ್ನು ಯಾರೂ ಮರೆಯುತ್ತಿರಲಿಲ್ಲ. ಅವಳು ನಮ್ಮನೆಗೆ ಬಂದರೆ ಜಗುಲಿಯಲ್ಲೇ ನಿಲ್ಲುತ್ತಿದ್ದಳು. ದಾರಿಯಲ್ಲಿ ಮಾತ್ರ ಅವಳೇ ಯಜಮಾನಿ. ನಾನು ದೊಡ್ಡವಳಾದಾಗ ಅಮ್ಮ ಹೇಳಿದ್ದು ‘ಉಪ್ಪಿನಕಾಯಿ ಮುಟ್ಬೇಡ’ ಅಂತ ಒಂದೇ ಮಾತು. ಮಿಕ್ಕಿದ್ದನ್ನೆಲ್ಲ ಹೇಳಿಕೊಟ್ಟವಳು ಇವಳು, ಸಿಲ್ವರ್ ಓಕಿಗೆ ಒರಗಿ ನಿಂತು, ಹೆಡ್‌ಮಿಸ್ ಗತ್ತಿನಲ್ಲಿ. ಮನೆಯಲ್ಲಿ ಆಡಲಾಗದ ಮಾತೆಲ್ಲ ಆ ದಾರಿಯಲ್ಲೇ ಮುಗಿಯುತ್ತಿತ್ತು. ಮನೆ ತಲುಪಿದಾಗ ಹೊಟ್ಟೆ ತುಂಬ ಹಸಿವು, ಮಲಗಿದರೆ ಒಳ್ಳೇ ನಿದ್ದೆ.

ಆ ವರ್ಷ ಮಳೆ ಬಿಡುವ ಹೊತ್ತಿಗೆ ಆಲೂರು ಕಡೆಯಿಂದ ಆನೆ ಹಿಂಡು ಬಂದು ನಮ್ಮ ಸುತ್ತಲಿನ ತೋಟಗಳಲ್ಲಿ ಬೀಡುಬಿಟ್ಟಿತು. ಬೆಳಗಾದರೆ ಎಲ್ಲರ ಮೊಬೈಲಿಗೂ ಮೆಸೇಜು: ಹಿಂಡು ಇಂಥ ಕಡೆ ಇದೆ, ಯಾರೂ ಓಡಾಡಬೇಡಿ. ಆನೆ ನಡೆದದ್ದೇ ದಾರಿ ಅಂತಾರಲ್ಲ, ಹಾಗೆ ನಮ್ಮ ದಾರಿ ಅವುಗಳದ್ದಾಯಿತು. ಊರಿನ ಅಪ್ಪಂದಿರು ಸೇರಿ ಜೀಪು ಗೊತ್ತು ಮಾಡಿದರು. ಅವರ ಭಯ ಸುಳ್ಳಲ್ಲ, ನಾನೇನೂ ದೂರುವುದಿಲ್ಲ. ಆದರೆ ಜೀಪು ಟಾರು ರಸ್ತೆಯಲ್ಲಿ ಹೋಗುತ್ತಿತ್ತು, ಲೈನಿನ ಕೆಸರಿಗೆ ಇಳಿಯುತ್ತಿರಲಿಲ್ಲ. ನನ್ನ ಗೆಳತಿಯನ್ನು ಅವಳಮ್ಮ ಸಕಲೇಶಪುರದ ಹಾಸ್ಟೆಲ್ಲಿಗೆ ಸೇರಿಸಿಬಿಟ್ಟಳು.

ಜೀಪಿನಲ್ಲಿ ನಾವು ಒಬ್ಬರ ತೊಡೆ ಮೇಲೊಬ್ಬರು ಕೂತಿರುತ್ತಿದ್ದೆವು. ಅಷ್ಟು ಹತ್ತಿರ ಕೂತೂ ಯಾರೂ ಮಾತಾಡುತ್ತಿರಲಿಲ್ಲ. ದೊಡ್ಡ ಹುಡುಗಿಯರು ಒಂದು ಫೋನನ್ನು ಕೈಯಿಂದ ಕೈಗೆ ದಾಟಿಸುತ್ತ ಕಿಸಕ್ಕನೆ ನಗುತ್ತಿದ್ದರು. ನನ್ನ ತನಕ ಬರುವ ಮೊದಲೇ ಅದು ವಾಪಸಾಗುತ್ತಿತ್ತು. ಹತ್ತು ನಿಮಿಷದಲ್ಲಿ ಮನೆ.

ನನಗೆ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಶುರುವಾಯಿತು. ರೊಟ್ಟಿ ಸೇರುತ್ತಿರಲಿಲ್ಲ. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಅಜ್ಜಿ ನನ್ನ ಕಣ್ಣರೆಪ್ಪೆ ಎಳೆದು ನೋಡಿ, ‘ಆನೆ ಕಂಡು ಹೆದ್ರುಕೊಂಡೈತೆ ಕಣ್ರೇ ಮಗು’ ಅಂದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ನಾನು ಆನೆಯನ್ನು ನೋಡಿಯೇ ಇರಲಿಲ್ಲ, ಲದ್ದಿ ನೋಡಿದ್ದೆ ಅಷ್ಟೆ. ಯಾರು ಕೇಳಬೇಕು! ಹಣೆಗೆ ಬೂದಿ ಬಂತು, ತೋಳಿಗೆ ಅಂತ್ರ ಕಟ್ಟಿಸಿದ್ದಾಯಿತು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಭಯ ಮರುಕಳಿಸೀತೆಂದು ನನ್ನೆದುರು ಆ ದಾರಿಯ ಸುದ್ದಿ ಎತ್ತಬಾರದು, ಆ ಹುಡುಗಿಯ ಸುದ್ದಿಯಂತೂ ಬೇಡವೇ ಬೇಡ ಎಂದು ಮನೆಯಲ್ಲೆಲ್ಲ ತಾಕೀತಾಯಿತು. ನನಗೆ ಬೇಕಿದ್ದದ್ದು ಅವೆರಡೇ. ಈಗ ನೆನೆದರೂ ಸಿಟ್ಟು ಬರುತ್ತದೆ, ಹಿಂದೆಯೇ ಅಯ್ಯೋ ಅನ್ನಿಸುತ್ತದೆ. ಅವರೆಲ್ಲ ಪ್ರೀತಿಯಿಂದಲೇ ಮಾಡಿದ್ದು.

ಅಂತ್ರಕ್ಕೂ ಹೊಟ್ಟೆನೋವು ಬಗ್ಗದಿದ್ದಾಗ ಅಮ್ಮ ನನ್ನನ್ನು ಸಕಲೇಶಪುರಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ಹೇಮಾವತಿ ಸೇತುವೆ ಮೇಲೆ ಹಾಸ್ಟೆಲ್ ಹುಡುಗಿಯರ ಸಾಲೊಂದು ಎದುರಾಯಿತು. ನಡುವೆ ಅವಳು, ಇನ್ನೊಬ್ಬಳ ಕೈ ಹಿಡಿದು, ಕೈ ಬೀಸಿ ಏನೋ ಹೇಳುತ್ತಿದ್ದಳು. ನನ್ನನ್ನು ಕಂಡವಳೇ ಸಾಲು ಬಿಟ್ಟು ಓಡಿ ಬಂದಳು. ಖುಷಿಯಾಯಿತು. ಆ ಇನ್ನೊಬ್ಬಳ ಮೇಲೆ ಹೊಟ್ಟೆಕಿಚ್ಚೂ ಆಯಿತು.

‘ಈಗ ಯಾರ್ ಜೊತೆ ನಡೀತೀಯೇ?’ ಅಂದಳು.

ನನ್ನ ಪರವಾಗಿ ಅಮ್ಮನೇ ಹೇಳಿದಳು. ‘ನಡೆಯೋ ಕಷ್ಟ ಯಾಕವ್ವಾ, ಜೀಪ್ ಐತಲ್ಲ.’

ಅವಳು ಅಮ್ಮನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತ, ‘ಹಂಗಾರೆ ಮಾತೆಲ್ಲ ಎಲ್ ಆಡ್ತೀಯಾ?’ ಅಂದಳು.

ಅಷ್ಟರಲ್ಲಿ ವಾರ್ಡನ್ ಕೂಗಿದರು. ಅವಳು ಓಡಿಹೋಗಿ ಸಾಲು ಸೇರಿಕೊಂಡಳು, ಒಮ್ಮೆ ಹಿಂತಿರುಗಿ ಕೈ ಬೀಸಿದಳು. ಲಾರಿಗಳ ಮರೆಯಲ್ಲಿ ಆಮೇಲೆ ಕಾಣಲಿಲ್ಲ. ನಾನು ಸೇತುವೆ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತೆ.

ಅಮ್ಮ ಡಾಕ್ಟರ ಹತ್ತಿರ ಹೋಗಲಿಲ್ಲ. ಆಟೋದವರು ಕರೆದರೂ ಬೇಡವೆಂದು, ಬಸ್ ಸ್ಟ್ಯಾಂಡಿಗೆ ಸುತ್ತು ದಾರಿ ಹಿಡಿದಳು, ನಿಧಾನವಾಗಿ ನಡೆದಳು. ಸ್ವಲ್ಪ ದೂರ ಹೋದ ಮೇಲೆ, ‘ಏನಿದ್ರೂ ನಂತಾವ ಹೇಳವ್ವಾ’ ಅಂದಳು.

ಹೇಳುವುದು ಬೇಕಾದಷ್ಟಿತ್ತು. ಎರಡು ತಿಂಗಳಿಂದ ಕೂಡಿಟ್ಟಿದ್ದೆ. ಅಮ್ಮನ ಪಕ್ಕದಲ್ಲೇ ನಡೆಯುತ್ತಿದ್ದೆ, ಅಮ್ಮ ಕಾಯುತ್ತಿದ್ದಳು. ಆದರೆ ಅದೆಲ್ಲ ನಾನು ನನ್ನ ಗೆಳತಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು.