ಎಡಗಡೆ ಸೀಟಿನ ಸಿದ್ದರಾಜು ಮೇಷ್ಟ್ರು

ಸಿದ್ದರಾಜು ಮೇಷ್ಟ್ರು ನಮ್ಮ ಮನೆಗೆ ಕಂಪ್ಯೂಟರ್ ರಿಪೇರಿಗೆ ಬಂದರೆ ಮೊದಲು ಮಾಡುತ್ತಿದ್ದ ಕೆಲಸ, ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು ತಂದು ನನ್ನ ಎಡಗಡೆಗೆ ಹಾಕಿಕೊಳ್ಳುವುದು. ಬಲಗಡೆ ಎಷ್ಟೇ ಜಾಗವಿರಲಿ, ಅವರಿಗೆ ಎಡಗಡೆಯೇ ಆಗಬೇಕು. ಕುಳಿತು, ಎರಡೂ ಕೈ ಕಟ್ಟಿಕೊಂಡು, ಬಲಗಾಲನ್ನು ಸ್ವಲ್ಪ ಮುಂದೆ ಚಾಚುತ್ತಿದ್ದರು. ನಾನು ಮೌಸ್ ಹಿಡಿದು ಒತ್ತಬಾರದ ಕಡೆಗೆ ಹೋದೆನೋ, ಆ ಕಾಲು ದಬ್ಬೆಂದು ನೆಲ ತುಳಿಯುತ್ತಿತ್ತು. “ಬ್ರೇಕ್! ಬ್ರೇಕ್ ಮೇಡಂ!” ಕೆಳಗಿನ ಮನೆಯವರು ಎಷ್ಟೋ ಸಲ ಮೆಟ್ಟಿಲು ಹತ್ತಿ ಬಂದು, ಏನು ಬಿತ್ತು ಎಂದು ವಿಚಾರಿಸಿದ್ದುಂಟು.

ಅಶೋಕಪುರಂನಲ್ಲಿದ್ದ ಅವರು ಆಯುಷ್ಯದ ಬಹುಪಾಲು ಡ್ರೈವಿಂಗ್ ಸ್ಕೂಲ್ ನಡೆಸಿದವರು. ಇದ್ದದ್ದು ಒಂದೇ ಕಾರು. ಎಡಗಡೆ ಸೀಟಿನ ಮುಂದೆಯೂ ಒಂದು ಬ್ರೇಕ್ ಹಾಕಿಸಿ, ಅದರ ಮೇಲೆ ಕಾಲಿಟ್ಟು ಊರಿಗೆಲ್ಲ ಕಾರು ಕಲಿಸಿದರು. “ಮೈಸೂರಿನ ಅರ್ಧ ಜನ ನನ್ ಬ್ರೇಕಿಂದ ಬದುಕವ್ರೆ ಕಣ್ರೀ” ಎಂದು ಹೇಳಿಕೊಳ್ಳುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಆ ಅರ್ಧ ಜನರಲ್ಲಿ ನಾನೂ ಒಬ್ಬಳು. ಬನ್ನಿಮಂಟಪದ ಕಡೆಯ ಅಗಲವಾದ ರಸ್ತೆಗಳಲ್ಲಿ ಬೆಳಗ್ಗೆ ಬೆಳಗ್ಗೆ ನನಗೆ ಕಾರು ಕಲಿಸಲು ಹೆಣಗಿ, ಕೊನೆಗೆ ಅವರೇ ಸೋಲೊಪ್ಪಿಕೊಂಡರು. “ನೀವು ಸ್ಟಿಯರಿಂಗ್ ಹಿಡಿದ್ರೆ ರಸ್ತೆಗೇ ಭಯ ಆಯ್ತದೆ. ಮನೇಲಿರೋ ಕಂಪ್ಯೂಟ್ರಾದ್ರೂ ನೆಟ್ಟಗೆ ಓಡಿಸ್ರೀ” ಎಂದು ಆಶೀರ್ವಾದ ಮಾಡಿ ಕಳಿಸಿದರು. ಅದೂ ನೆಟ್ಟಗೆ ಓಡಲಿಲ್ಲ. ಹಾಗಾಗಿ ನಮ್ಮ ಗುರುಶಿಷ್ಯ ಸಂಬಂಧ ಮುಂದುವರಿಯಿತು.

ಅವರಿಗೆ ಕಂಪ್ಯೂಟರ್ ಹತ್ತಿಕೊಂಡದ್ದು ಲೈಸೆನ್ಸ್ ಅರ್ಜಿಗಳೆಲ್ಲ ಆನ್‌ಲೈನ್ ಆದ ಮೇಲೆ. ಯಾರೋ ಬಳಸಿ ಬಿಟ್ಟ ಒಂದು ಹಳೆಯ ಕಂಪ್ಯೂಟರ್ ತಂದರು. ಅದು ಅವರ ಕಾರಿಗಿಂತ ಹೆಚ್ಚು ಸಲ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಅದರ ಜೊತೆ ಗುದ್ದಾಡಿ ಗುದ್ದಾಡಿ ಕಲಿತರು. ಕಾರು ಮುದಿಯಾಗಿ, ಅವರ ಮಂಡಿಯೂ ನೋಯತೊಡಗಿದಾಗ ಸ್ಕೂಲು ಮುಚ್ಚಿ, ಹಳೆಯ ಶಿಷ್ಯರ ಮನೆಗಳಿಗೆ ಕಂಪ್ಯೂಟರ್ ನೋಡಲು ಹೋಗತೊಡಗಿದರು. ಎಲ್ಲ ತಿಳಿದವರೇನಲ್ಲ. ಗೊತ್ತಾಗದಿದ್ದರೆ ಜೇಬಿನಿಂದ ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ ಹುಡುಕುತ್ತಿದ್ದರು. ಪ್ರಿಂಟರ್ ಎಂದರಂತೂ ಕೈಮುಗಿದುಬಿಡುತ್ತಿದ್ದರು. “ಅದು ನನ್ನ ಸಿಲಬಸ್ಸಲ್ಲಿ ಇಲ್ಲ ಮೇಡಂ. ಆ ಮುಂಡೇದು ಯಾರ ಮಾತೂ ಕೇಳಲ್ಲ.”

ಆದರೆ ಅವರ ಬಾಯಲ್ಲಿ ಕಂಪ್ಯೂಟರ್ ಎನ್ನುವುದು ಒಂದು ವಾಹನವಾಗಿಬಿಡುತ್ತಿತ್ತು. ಯಾವುದೋ ಪ್ರೋಗ್ರಾಮ್ ಅಲ್ಲಾಡದೆ ನಿಂತುಕೊಂಡರೆ ಅದು “ಸ್ಟಾಪ್ ಬಂದ್ರೂ ಇಳೀದೇ ಇರೋ ಪ್ಯಾಸೆಂಜರ್ರು”. ಟಾಸ್ಕ್ ಮ್ಯಾನೇಜರ್ ತೆರೆಸಿ, “ಕತ್ತು ಹಿಡಿದು ಇಳಿಸ್ರೀ” ಎನ್ನುತ್ತಿದ್ದರು. ಕಂಪ್ಯೂಟರ್ ಶುರುವಾಗಲು ಒದ್ದಾಡುತ್ತಿದ್ದರೆ, ಅದರ ಜೊತೆಗೇ ಎದ್ದು ಕೂರುವ ಪ್ರೋಗ್ರಾಮ್‌ಗಳ ಸಾಲು ತೋರಿಸಿ, “ಗಾಡಿ ಸ್ಟಾರ್ಟ್ ಆಗೋ ಮುಂಚೇನೇ ಇಷ್ಟು ಜನ ಹತ್ತಿ ಕೂತವ್ರೆ. ಎಂಗೆ ಎಳೀತದೆ ಹೇಳಿ?” ಎಂದು ನನ್ನನ್ನೇ ಗದರುತ್ತಿದ್ದರು. ಸೇಫ್ ಮೋಡ್ ಎಂದರೆ ಫಸ್ಟ್ ಗೇರು. ಸಿಸ್ಟಮ್ ರಿಸ್ಟೋರ್ ಎಂದರೆ, ರಸ್ತೆ ಎಲ್ಲಿಯವರೆಗೆ ಚೆನ್ನಾಗಿತ್ತೋ ಅಲ್ಲಿಗೆ ರಿವರ್ಸ್ ತೆಗೆದುಕೊಳ್ಳುವುದು. ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಕನ್ನಡ ಪಾಠ ಹೇಳುವವಳು ನಾನು. ಒಮ್ಮೆ ಅಲ್ಲಿನ ಆಫೀಸಿನ ಕಂಪ್ಯೂಟರ್ ಕೈಕೊಟ್ಟಾಗ, “ಫಸ್ಟ್ ಗೇರಲ್ಲಿ ಹಾಕಿ ನೋಡಿ” ಎಂದುಬಿಟ್ಟೆ. ಅದನ್ನು ನೋಡಿಕೊಳ್ಳುವವರು ನನ್ನ ಮುಖವನ್ನೇ ದಿಟ್ಟಿಸಿದರು.

ಇಷ್ಟೆಲ್ಲ ಹೇಳಿದರೂ ಮೇಷ್ಟ್ರು ತಾವಾಗಿ ಕೀಲಿಮಣೆ ಮುಟ್ಟುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿದ್ದುದೇ ಅದಕ್ಕೆ. ಅವರು ಒತ್ತಿದ್ದರೆ ಕಾಫಿ ಆರುವುದರೊಳಗೆ ಮುಗಿಯುವ ಕೆಲಸ, ನನ್ನ ಕೈಯಲ್ಲಿ ಸಾಯಂಕಾಲ ಪೂರ್ತಿ ತಿನ್ನುತ್ತಿತ್ತು. ಒಮ್ಮೆ ತಡೆಯಲಾರದೆ, “ನೀವೇ ಮಾಡಬಾರದೇ ಮೇಷ್ಟ್ರೇ?” ಎಂದೆ.

“ಊಹೂಂ. ಕೆಡಿಸಿದ ಕೈಯಲ್ಲೇ ಸರಿ ಮಾಡಿಸ್ಬೇಕು” ಎಂದರು. “ಯಾರಾದ್ರೂ ಕಾರನ್ನ ಕಂಬಕ್ಕೆ ಗುದ್ದುದ್ರು ಅನ್ಕೊಳ್ಳಿ. ಅವ್ರನ್ನ ಇಳಿಸಿ ನಾನು ಕೂತ್ರೆ ಮುಗೀತು, ಆಮೇಲೆ ಆ ಕೈಯಲ್ಲಿ ಭಯ ಕೂತ್ಕೊಂಡ್ಬುಡ್ತದೆ. ಅವ್ರ ಕೈಲೇ ರಿವರ್ಸ್ ತೆಗೆಸ್ಬೇಕು. ಕಾರು ಯಾವತ್ತಾದ್ರೂ ರಿಪೇರಿ ಆಯ್ತದೆ ಕಣಮ್ಮ, ಕೈ ಆಗಲ್ಲ.”

ಆಗ ಇದೊಂದು ನೆಪ ಎಂದುಕೊಂಡೆ. ಅದು ನೆಪವಲ್ಲ ಎಂದು ತಿಳಿದದ್ದು ಒಂದು ಆಯುಧಪೂಜೆಯ ದಿನ.

ಆ ವರ್ಷದ ಬೇಸಿಗೆಯಲ್ಲಿ ನನ್ನ ಅಮ್ಮ ಸೋಬಾನೆ ಪದಗಳನ್ನು ಹಾಡಿದ್ದಳು. ನಂಜನಗೂಡು ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು, ಮದುವೆ ಮನೆ ಎಂದರೆ ಊರೂರಿಂದ ಕರೆ ಬರುತ್ತಿದ್ದವಳು. ಮಧ್ಯಾಹ್ನ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆವರು ಒರೆಸಿಕೊಳ್ಳುತ್ತಾ ಅವಳು ಹಾಡುವುದು, ನಾನು ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿ ಹಿಡಿದಿಡುವುದು. ಎಣ್ಣೆ ಶಾಸ್ತ್ರದಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಎಲ್ಲ ಹಾಡಿ ಮುಗಿಸಿದಳು. ಆಷಾಢದ ಹೊತ್ತಿಗೆ ಅವಳಿಗೆ ಕೆಟ್ಟ ಕೆಮ್ಮು ಬಂದು, ಕೆಮ್ಮು ಹೋದ ಮೇಲೂ ಗಂಟಲು ಮರಳಿ ಬರಲಿಲ್ಲ. ಮಾತು ಬರುತ್ತಿತ್ತು, ಹಾಡು ಬರುತ್ತಿರಲಿಲ್ಲ. ಇನ್ನು ಆ ದನಿ ಏರುವುದು ಕಷ್ಟ ಎಂದು ಡಾಕ್ಟರೂ ಹೇಳಿದರು. ಆ ಹಾಡುಗಳು ನಮ್ಮ ಕಂಪ್ಯೂಟರಿನೊಳಗೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಆಯುಧಪೂಜೆಯ ಬೆಳಗ್ಗೆ ಅಮ್ಮ ಎಂದಿನಂತೆ ಎಲ್ಲವನ್ನೂ ತೊಳೆದು ಜೋಡಿಸಿದಳು. ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ನನ್ನ ಸ್ಕೂಟರ್. ಕೊನೆಗೆ ಕಂಪ್ಯೂಟರ್. ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಮುಂದೆ ಒಂದು ನಿಂಬೆಹಣ್ಣನ್ನೂ ಇಟ್ಟಳು. ನಾನು ಸ್ನಾನಕ್ಕೆ ಹೋಗಿದ್ದೆ. ಮುಗಿಸಿ ಬಂದು, ಮಂಗಳಾರತಿಯೂ ಆಗಿ, ಮಧ್ಯಾಹ್ನ ಒಂದು ಹಾಡು ಕೇಳೋಣವೆಂದು ಕಂಪ್ಯೂಟರ್ ಹಾಕಿದರೆ ನೀಲಿ ಪರದೆ. ಆರಿಸಿ ಮತ್ತೆ ಹಾಕಿದೆ. ಅದೇ ನೀಲಿ.

ಹಬ್ಬದ ದಿನ ಯಾವ ಅಂಗಡಿ ತೆಗೆದಿರುತ್ತದೆ? ಮೇಷ್ಟ್ರಿಗೆ ಫೋನ್ ಮಾಡಿ, ಪೂಜೆಯ ಹೊತ್ತಿನಲ್ಲಿ ತೊಂದರೆ ಕೊಟ್ಟೆ ಎಂದು ರಾಗ ಎಳೆದೆ. “ನಮ್ಮನೇಲಿ ಬುದ್ಧರ ಫೋಟೋ ಒಂದೇ ಮೇಡಂ, ಅವರು ಆಯುಧ ಎಲ್ಲ ಬಿಟ್ಟು ಬಂದೋರು” ಎಂದು ನಕ್ಕು, ಆಟೋ ಹಿಡಿದು ಬಂದೇಬಿಟ್ಟರು.

ಬಂದವರು ಹಾರ ಹಾಕಿಸಿಕೊಂಡ ಕಂಪ್ಯೂಟರನ್ನು ನೋಡಿದರು. ಕುರ್ಚಿ ಎಳೆದುಕೊಂಡು ಎಡಗಡೆ ಕುಳಿತರು. “ಬೆಳಗ್ಗೆಯಿಂದ ಇದಕ್ಕೆ ಯಾರ್ಯಾರು ಏನೇನು ಮಾಡಿದ್ರಿ, ಹೇಳ್ಬುಡಿ. ನಾನೇನು ಪೊಲೀಸಲ್ಲ.”

ನಾನು ಏನೂ ಮಾಡಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗಿನ ತುದಿ ತಿರುಚುತ್ತಾ ನಿಂತಿದ್ದಳು.

“ನಾನೇ ಕಣಪ್ಪ” ಎಂದಳು ಆ ಒಡೆದ ದನಿಯಲ್ಲಿ. “ಪೂಜೆ ಹೊತ್ನಲ್ಲಿ ಆಯುಧ ಸುಮ್ಕಿರಬೇಕು ತಾನೇ? ಅದ್ರಲ್ಲಿ ನೋಡುದ್ರೆ ಚುಕ್ಕಿ ಗುಂಡ್‌ಗುಂಡ್‌ಗೆ ಸುತ್ತುತಾನೇ ಇತ್ತು. ಕಾದೆ, ಕಾದೆ. ನಿಲ್ಲಲೇ ಇಲ್ಲ. ಮೇನ್ ಸ್ವಿಚ್ಚೇ ಆಫ್ ಮಾಡ್ಬುಟ್ಟೆ.”

ಹಿಂದಿನ ರಾತ್ರಿ ನಾನು ಆರಿಸದೆ ಬಿಟ್ಟಿದ್ದರಿಂದ ಅದು ಬೆಳಗ್ಗೆ ತಾನಾಗಿಯೇ ಅಪ್‌ಡೇಟ್ ಹಾಕಿಕೊಳ್ಳುತ್ತಾ ಕುಳಿತಿತ್ತಂತೆ. ಆರಿಸಬೇಡಿ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಅಮ್ಮ ಎಲ್ಲಿ ಓದಬೇಕು? “ನನ್ ಪದವ ನಾನೇ ತಿಂದ್ಕೊಂಡೆ” ಎಂದು ಅಷ್ಟೇ ಅಂದು ಗೋಡೆ ಕಡೆ ತಿರುಗಿದಳು.

ನಾನು ಕುರ್ಚಿಯಲ್ಲಿ ಕೂರಲು ಹೋದರೆ ಮೇಷ್ಟ್ರು ಕೈ ಅಡ್ಡ ಹಿಡಿದರು. “ನೀವಲ್ಲ. ಅವ್ವ ಬರ್ಲಿ.”

“ನಾನಾ?” ಎಂದಳು ಅಮ್ಮ. “ಪೂಜೆ ಮಾಡಿ ಕೂರ್ಸಿದ್ ಆಯುಧನ ನಾಳೆಗಂಟ ಮುಟ್ಬಾರ್ದು ಕಣಪ್ಪ.”

“ಕೂರ್ಸಿದೋರು ನೀವೇ ತಾನೇ? ಏಳ್ಸೋಕೂ ನಿಮ್ಗೇ ಹಕ್ಕು. ಬನ್ನಿ ಅವ್ವಾ, ಗಾಡಿ ಕಂಬಕ್ಕೆ ತಗುಲ್ಕೊಂಡದೆ, ಅಷ್ಟೇಯ. ರಿವರ್ಸ್ ತೆಗೀಮ.”

ಅಮ್ಮ ಜೀವಮಾನದಲ್ಲಿ ಮೌಸ್ ಹಿಡಿದವಳಲ್ಲ. ಕೈ ತೊಳೆದು, ಕಣ್ಣಿಗೊತ್ತಿಕೊಂಡು ಹಿಡಿದಳು. ತೊಳೆದರೂ ಬೆರಳಲ್ಲಿ ಉಳಿದಿದ್ದ ಕುಂಕುಮ ಅದಕ್ಕೂ ಅಂಟಿತು. ಮೇಷ್ಟ್ರು ಹೇಳುತ್ತಾ ಹೋದರು. “ಬಾಣದ ಗುರುತು ಕಾಣ್ತದಲ್ಲ, ಅದನ್ನ ಈ ಚೌಕದ ಮೇಲಕ್ಕೆ ತನ್ನಿ. ನಿಧಾನ. ಎದುರಿಗೆ ಯಾರೂ ಬರ್ತಿಲ್ಲ. ಹಾಂ, ಒತ್ತಿ.” ಪರದೆ ಬದಲಾಯಿತು. ಅಲ್ಲಿ ಎರಡೇ ದಾರಿ. ಒಂದು, ಒಳಗಿನದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುವ ರೀಸೆಟ್ಟಿಗೆ ಹೋಗುವುದು. ಇನ್ನೊಂದು, ನಾವು ಹೋಗಬೇಕಾದದ್ದು. ಅಮ್ಮನ ಕೈ ಜಾರಿ ಬಾಣ ಸರ್ರನೆ ರೀಸೆಟ್ ಮೇಲೆ ಹೋಗಿ ನಿಂತಿತು. ಬೆರಳು ಇನ್ನೇನು ಒತ್ತಬೇಕು.

ದಬ್ಬ್! “ಬ್ರೇಕ್!”

ಆ ತುಳಿತಕ್ಕೆ ನಿಂಬೆಹಣ್ಣು ಮೇಜಿನಿಂದ ಉರುಳಿ ಬಿತ್ತು. ಅಮ್ಮನ ಬೆರಳು ಗಾಳಿಯಲ್ಲೇ ನಿಂತಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

“ಅಲ್ಲೇ ಅಳ್ಳ ಇರೋದು ಅವ್ವಾ” ಎಂದರು ಮೇಷ್ಟ್ರು, ಏನೂ ಆಗದವರಂತೆ. “ಪಕ್ಕದ ರಸ್ತೆ ಹಿಡೀರಿ.” ಅಮ್ಮ ಹಿಡಿದಳು. ಅಲ್ಲಿಂದ ಅರ್ಧಕ್ಕೆ ನಿಂತ ಅಪ್‌ಡೇಟನ್ನು ತೆಗೆದುಹಾಕುವ ಜಾಗ ಹುಡುಕಿ, ಅವಳ ಬೆರಳಿನಿಂದಲೇ ಒತ್ತಿಸಿದರು. ಮತ್ತೆ ಚುಕ್ಕಿಗಳು ಸುತ್ತತೊಡಗಿದವು. “ಈಗ ಯಾರಾದ್ರೂ ಮೇನ್ ಸ್ವಿಚ್ ಕಡೆ ಹೋದ್ರೆ ಅಷ್ಟೇ” ಎಂದು ಮೇಷ್ಟ್ರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡರು. ಅಮ್ಮ ಒಂದು ತುತ್ತೂ ತಿನ್ನದೆ ಚುಕ್ಕಿಗಳನ್ನೇ ನೋಡುತ್ತಾ ಕುಳಿತಳು.

ಮೇಷ್ಟ್ರು ಇನ್ನೊಂದು ಒಬ್ಬಟ್ಟು ಕೇಳುವ ಹೊತ್ತಿಗೆ ನಮ್ಮ ಮಾಮೂಲಿ ಪರದೆ ಬಂತು. ಹಾಡುಗಳಿದ್ದ ಜಾಗವನ್ನೂ ಅಮ್ಮನ ಕೈಯಿಂದಲೇ ತೆರೆಸಿದರು. ಎಣ್ಣೆ ಶಾಸ್ತ್ರದ ಪದ ಮನೆ ತುಂಬಿತು, ಬೇಸಿಗೆಯ ಆ ತುಂಬು ಕಂಠದಲ್ಲಿ. ಅಮ್ಮ ತನ್ನ ದನಿಯನ್ನು ಬೇರೆಯವರದೆಂಬಂತೆ ಕೇಳಿದಳು. ಆಮೇಲೆ ತನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲು ಹೋಗಲೂ ಇಲ್ಲ.

ಮೇಷ್ಟ್ರು ಮಾತ್ರ ನನ್ನ ಮೇಲೆ ರೇಗಿದರು. “ಇನ್ನೊಂದು ಕಡೆ ಕಾಪಿ ಇಟ್ಟಿಲ್ವಾ? ಸ್ಟೆಪ್ನಿ ಇಲ್ದೇ ಊರು ಬಿಡ್ತಾರೇನ್ರೀ ಯಾರಾದ್ರೂ?” ಪಕ್ಕದ ಮನೆಯಿಂದ ಪೆನ್‌ಡ್ರೈವ್ ಬೇಡಿ ತರಿಸಿ, ಕಾಪಿ ಆಗುವವರೆಗೆ ಕುರ್ಚಿ ಬಿಟ್ಟೇಳಲಿಲ್ಲ. ಆಮೇಲಿಂದ ಅಮ್ಮ ಕಂಪ್ಯೂಟರನ್ನು ತಾನೇ ಹಾಕಿ, ತನ್ನ ಪದ ತಾನೇ ಕೇಳತೊಡಗಿದಳು. ಆರಿಸುವ ಮುಂಚೆ ಮಾತ್ರ, “ಚುಕ್ಕಿ ಸುತ್ತುತದಾ ನೋಡು” ಎಂದು ನನ್ನನ್ನು ಕೂಗುತ್ತಿದ್ದಳು.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರು ಹೋಗಿಬಿಟ್ಟರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಊರಿನಲ್ಲಿರದ ನಾನು ತಡವಾಗಿ ಅಮ್ಮನನ್ನು ಕರೆದುಕೊಂಡು ಅಶೋಕಪುರಂಗೆ ಹೋದೆ. ಗೋಡೆಯ ಮೇಲೆ ಬುದ್ಧರ ಫೋಟೋ, ಅದರ ಕೆಳಗೆ ಮೇಷ್ಟ್ರದು. ಪಕ್ಕದ ಮೇಜಿನ ಮೇಲೆ ಅವರ ಕಂಪ್ಯೂಟರ್. ಅವರ ಹೆಂಡತಿ ರತ್ನಮ್ಮ ಅದನ್ನು ತೋರಿಸಿ ತಗ್ಗಿದ ದನಿಯಲ್ಲಿ ಹೇಳಿದರು.

“ಅವತ್ತು ಅದನ್ನ ಆನ್ ಮಾಡೇ ಮಲ್ಗಿದ್ರು. ಫೋಟೋ ಮುಂದೆ ಲೈಟ್ ಹಾಕ್ಬೇಕಿತ್ತು, ನಾನು ಇದರ ಪ್ಲಗ್ ಕಿತ್ಬುಟ್ಟೆ. ಈಗ ಹಾಕುದ್ರೆ ನೀಲಿ ಬತ್ತದೆ. ನಮ್ಮಿಬ್ರ ಫೋಟೋ ಎಲ್ಲ ಅದ್ರಲ್ಲೇ ಅವೆ. ಸ್ಟೆಪ್ನಿ ಎಲ್ಲಿಟ್ಟವ್ರೋ ನಂಗೇನು ಗೊತ್ತು? ನೀವೇ ಏನಾದ್ರೂ ಮಾಡಿ ಮೇಡಂ.”

ನಾನು ಕುರ್ಚಿಯ ಕಡೆ ಹೊರಟೆ. ಅಮ್ಮ ನನ್ನ ಸೆರಗು ಹಿಡಿದು ಎಳೆದಳು. “ನೀನಲ್ಲ. ಅವ್ಳು ಕೂತ್ಕಳ್ಲಿ” ಎಂದು ರತ್ನಮ್ಮನವರ ಭುಜ ಹಿಡಿದು ಕೂರಿಸಿದಳು. “ಒತ್ತವ್ವ. ನಿನ್ ಗಂಡ ನನ್ ಕೈಲೂ ಇಂಗೇ ಮಾಡ್ಸಿದ್ರು.”

ನಾನು ಇನ್ನೊಂದು ಕುರ್ಚಿ ಎಳೆದು ಎಡಗಡೆಗೆ ಹಾಕಿಕೊಂಡೆ. ಅದೇ ಎರಡು ದಾರಿಯ ಪರದೆ ಬಂತು. ರತ್ನಮ್ಮನವರ ಕಣ್ಣು ಮಂಜಾಗಿತ್ತೋ ಏನೋ, ಬಾಣ ನೇರವಾಗಿ ರೀಸೆಟ್ ಕಡೆಗೆ ಹೋಯಿತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಬಲಗಾಲು ದಬ್ಬೆಂದು ನೆಲ ತುಳಿದಿತ್ತು.

ರತ್ನಮ್ಮ ಬೆರಳೆತ್ತಿದರು. ನನ್ನ ಕಾಲನ್ನು ನೋಡಿದರು, ಗೋಡೆಯ ಮೇಲಿನ ಫೋಟೋ ನೋಡಿದರು. ನಗು ಬಂತು ಅವರಿಗೆ, ಅಳುವೂ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಮೌಸ್ ಹಿಡಿದರು.

“ಆಯ್ತು ಮೇಷ್ಟ್ರೇ” ಎಂದರು ನನಗೆ. “ಈಗ ಯಾವ್ ಕಡೆ ತಿರುಗ್ಸ್ಲಿ?”