ಅಣ್ಣನ ಎದೆಯ ಅಳತೆ

ಪಟ್ಟೆ ಹೆಣಿಗೆಯ ಸ್ವೆಟರು ಮೈಮೇಲಿಲ್ಲದಾಗ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ಎರಡು ಸೀದಾ, ಎರಡು ಉಲ್ಟಾ ಎಂದು ಹೆಣೆದ ಅದರ ಉಬ್ಬುಗೆರೆಗಳು ಒಂದಕ್ಕೊಂದು ಒತ್ತಿಕೊಂಡು, ನಡುವಿನ ತಗ್ಗುಗಳನ್ನೆಲ್ಲ ನುಂಗಿ, ದೊಡ್ಡ ಆಳಿನ ಉಡುಪನ್ನು ಶಾಲೆ ಮಕ್ಕಳದ್ದು ಅನ್ನಿಸುವಷ್ಟು ಕಿರಿದಾಗಿಸುತ್ತವೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮುದುಡಿ ಕೂಡುತ್ತದೆ. ಬಾಗಲಕೋಟೆಯ ನವನಗರದ ನನ್ನ ಮನೆಯಲ್ಲಿ, ಊಟದ ಮೇಜಿನ ಮೇಲೆ, ಅಂಥದೊಂದು ಬೂದುಬಣ್ಣದ ಸ್ವೆಟರು ಬಿದ್ದಿದೆ. ಹೋದ ವಾರ ನನ್ನ ಅಣ್ಣನ ಹೆಂಡತಿ, ವೈನಿ, ಇಳಕಲ್ಲಿನಿಂದ ಕೈಚೀಲದಲ್ಲಿ ತಂದು ಇಟ್ಟುಹೋದರು. ಅಣ್ಣ ತೀರಿಕೊಂಡು ಎಂಟು ತಿಂಗಳಾಯಿತು.

"ನೀ ಹೆಣದದ್ದು, ನಿನ್ನ ಕಡೇನ ಇರ್ಲಿ ನೀಲವ್ವಾ," ಅಂದರು ವೈನಿ. "ಯಾರಿಗರ ಕೊಡೂಣಂದ್ರ ಯಾರಿಗೂ ಬರಂಗಿಲ್ಲದು. ಅವರಿಗಷ್ಟ ಬರತಿತ್ತು."

ಆ ಮಾತು ಮುಳ್ಳಿನಂತೆ ಉಳಿಯಿತು. ಈ ಸ್ವೆಟರಿನ ಬಗ್ಗೆ ನನ್ನ ಬಳಿ ಒಂದು ಕಥೆಯಿದೆ. ಎಂಟು ತಿಂಗಳು ಬಂದವರಿಗೆಲ್ಲ ಹೇಳಿ ಹೇಳಿ, ಅಣ್ಣ ಪಾಲಿಶ್ ಮಾಡುತ್ತಿದ್ದ ಕಲ್ಲಿನ ಹಾಗೆ ಅದು ನುಣುಪಾಗಿದೆ. ಅಷ್ಟು ನುಣುಪಾದ ನೆನಪನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಅದರಲ್ಲಿ ಕಾಣುವುದು ನೋಡುವವರ ಮುಖವೇ ಹೊರತು ಕಲ್ಲಲ್ಲ. ಆದರೂ ಮೊದಲು ಅದನ್ನೇ ಹೇಳುತ್ತೇನೆ, ಆಮೇಲೆ ಉಗುರಿನಿಂದ ಕೆರೆದು ನೋಡೋಣ.

ನಮ್ಮದು ನೇಕಾರರ ಮನೆ. ಅಪ್ಪನ ಮಗ್ಗದಲ್ಲಿ ಅಣ್ಣನೂ ಕೂತ, ನಾನೂ ಕೂತೆ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆ ತೊಡಿಸಿ ಕೂಡಿಸುವ ಕೆಲಸದಲ್ಲಿ ಅವನಿಗೆ ಸಾಟಿಯಿರಲಿಲ್ಲ. ಕಣ್ಣು ಮುಚ್ಚಿ ಬಟ್ಟೆಯ ಮೇಲೆ ಹೆಬ್ಬೆರಳಾಡಿಸಿ, ಎಳೆ ಎಲ್ಲಿ ತಪ್ಪಿದೆಯೆಂದು ಹೇಳಿಬಿಡುತ್ತಿದ್ದ. ಮಗ್ಗ ನಿಂತ ಮೇಲೆ ನಾನು ಶಾಲೆಯ ಕೆಲಸ ಹಿಡಿದು ಬಾಗಲಕೋಟೆಗೆ ಬಂದೆ, ಅವನು ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋದ. ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ ಎಂದು ದವಾಖಾನೆಯಲ್ಲಿ ಹೇಳುವ ಹೊತ್ತಿಗೆ ಮೈ ಇಳಿಯತೊಡಗಿತ್ತು, ಮುಂಜಾನೆ ಚಳಿ ಹತ್ತುತ್ತಿತ್ತು. ವೈನಿ ಹೊದಿಸಿದ ಶಾಲನ್ನು ಅವನು ಕಿತ್ತು ಒಗೆಯುತ್ತಿದ್ದ.

"ಶಾಲ ಹೊತ್ತ ಕುಂತ್ರ ಮಂದಿ 'ಹೆಂಗದೀರಿ' ಅಂತಾರ," ಅಂದ ದೀಪಾವಳಿಗೆ ಹೋದ ನನ್ನ ಮುಂದೆ. "ಸ್ವೆಟರ್ ಹಾಕ್ಕೊಂಡ್ರ 'ಎಲ್ಲಿಗೆ ಹೊಂಟ್ರಿ' ಅಂತಾರ. ನನಗ ಎರಡನೇದು ಬೇಕವಾ. ಗುಂಡಿ ಗಿಂಡಿ ಬ್ಯಾಡ, ತಲಿ ಮ್ಯಾಲಿಂದ ಹಾಕ್ಕೊಳ್ಳೋದು ಹೆಣಿ, ಕಾಲೇಜ್ ಹುಡುಗರು ಹಾಕ್ಕೋತಾರಲ್ಲ, ಅಂಥಾದ್ದು."

"ಇಳಕಲ್ಲಿನ ಬಿಸಿಲಾಗ ಸ್ವೆಟರ್ ಹಾಕ್ಕೊಂಡು ಎಲ್ಲಿಗೆ ಹೊಂಟೀಯೋ ಅಣ್ಣಾ?"

"ಬಸ್‌ಸ್ಟ್ಯಾಂಡಿನ ಚಾದಂಗಡಿ ಮಟ. ಅದ ನನ್ನ ಕಾಶ್ಮೀರ."

ನನ್ನ ಚೀಲದಲ್ಲಿ ಅಳತೆಯ ಟೇಪು ಇತ್ತು, ತೆಗೆಯಲಿಲ್ಲ. ಎದೆಗೆ ಸುತ್ತಿದರೆ ಅಂಕಿ ಇಬ್ಬರಿಗೂ ಕಾಣುತ್ತದೆ. ಗೂಟಕ್ಕೆ ತೂಗಿದ್ದ ಅವನ ಹಳೆಯ ಅಂಗಿಯನ್ನು ಇಳಿಸಿಕೊಂಡು, ಇದರ ಅಳತೆ ಸಾಕು ಅಂದೆ.

"ಆ ಅಂಗ್ಯಾಗ ಈಗ ನಾನೂ ನಿಮ್ಮ ವೈನೀನೂ ಕೂಡೇ ಹೊಗತೇವಿ."

"ನೀ ಮತ್ತ ಮೈ ಹಿಡೀತಿ. ಆಗ ಸಣ್ಣದಾದ್ರ ನನ್ನ ಬೈಬ್ಯಾಡ."

ಅದು ಹರಕೆಯಂಥ ಮಾತು. ಅಂಗಿಯ ಅಗಲ ಇಪ್ಪತ್ತೆರಡು ಇಂಚು. ಆ ಅಗಲವನ್ನು ತುಂಬುವ ಅಣ್ಣನಿಗಾಗಿ ಹೆಣೆಯುತ್ತೇನೆ, ಹೆಣೆದಷ್ಟೂ ಅವನು ತುಂಬಿಕೊಳ್ಳುತ್ತಾನೆ. ಹದಿನೈದು ದಿನಕ್ಕೊಮ್ಮೆ ಹುನಗುಂದದ ಮೇಲಿನ ಬಸ್ಸಿನಲ್ಲಿ ಹೋಗುವಾಗ, ಬರುವಾಗ ಕೈಯಲ್ಲಿ ಅದೇ ಇರುತ್ತಿತ್ತು. ತಪ್ಪಾದದ್ದು ಇಷ್ಟೇ: ಮಗ್ಗದ ಮೇಲೆ ಬಟ್ಟೆಯ ಅಗಲ ಕುಗ್ಗದಂತೆ ಅಡ್ಡ ಕಡ್ಡಿ ಕೊಟ್ಟು ಬಿಗಿದಿರುತ್ತೇವೆ, ಬಿಗಿದಾಗಿನ ಅಗಲವೇ ನೇಕಾರರಿಗೆ ಅಗಲ. ಹಾಗೆಯೇ ಈ ಪಟ್ಟೆಗಳನ್ನೂ ಅಂಗಿಯ ಮೇಲೆ ಜಗ್ಗಿ ಹಿಡಿದು ಇಪ್ಪತ್ತೆರಡು ಎಂದುಕೊಂಡೆ. ಹೆಣಿಗೆಯ ಕಡ್ಡಿಯಿಂದ ಇಳಿಸಿದ್ದೇ ಸ್ವೆಟರು ಮುದುಡಿಕೊಂಡಿತು. ಸಂಕ್ರಾಂತಿ ಕಳೆದು ಒಯ್ದುಕೊಟ್ಟಾಗ ಅಣ್ಣ ಅದನ್ನು ತಲೆಯ ಮೇಲಿಂದ ಇಳಿಸಿಕೊಂಡ. ಎಲ್ಲಿಯೂ ಜೋಲಲಿಲ್ಲ, ಎಲ್ಲಿಯೂ ಹಿಡಿಯಲಿಲ್ಲ.

"ಅಗದೀ ಬರೋಬ್ಬರಿ ಆತು ನೋಡ್ರಿ!" ಎಂದು ವೈನಿ ಕೈ ತಟ್ಟಿದರು.

"ತಪ್ಪಾತಣ್ಣಾ, ಜಗ್ಗಿ ಹಿಡಿದು ಅಳದೇನಿ," ಅಂದೆ.

ಅಣ್ಣ ಪಕ್ಕೆಯ ಮೇಲೆ ಕೈಯಾಡಿಸಿ ನಕ್ಕ. "ತಪ್ಪಿದ್ರ ಇಂಥಾ ತಪ್ಪ ಇರಬೇಕು."

ಅದನ್ನು ತೊಟ್ಟು ಅವನು ಚಹಾದಂಗಡಿಗೆ ನಾಲ್ಕು ಸಲ ಹೋದ ಎನ್ನುತ್ತೇನೆ ನಾನು. ಎರಡೇ ಸಲ ಎನ್ನುತ್ತಾರೆ ವೈನಿ. ಒಂದು ಸಲ ಯಾರೋ "ಎಲ್ಲಿಗೆ ಹೊಂಟೀರಿ ಸಾಹೇಬ್ರ?" ಎಂದು ಕೇಳಿದರಂತೆ, ಹಿಗ್ಗಿ ಮನೆಗೆ ಬಂದು ಹೇಳಿದನಂತೆ. ಆಮೇಲೆ ಹೊಸ್ತಿಲು ದಾಟಲಾಗಲಿಲ್ಲ, ಸ್ವೆಟರನ್ನು ಬಿಚ್ಚಲೂ ಇಲ್ಲ.

ಇದು ಕಥೆ. ನಂಬಿಕೆ ದೊಡ್ಡದು, ತಪ್ಪು ಸಣ್ಣದು, ಸಣ್ಣ ತಪ್ಪನ್ನು ದೈವ ಸರಿಮಾಡಿತು. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು, ಹೇಳುವವಳಿಗೂ ಹಿತವಾಗುತ್ತಿತ್ತು.

ಇವತ್ತು ಬೆಳಿಗ್ಗೆ ಸ್ವೆಟರನ್ನು ಮೇಜಿನ ಮೇಲೆ ಹರಡಿ, ಕೆಳಗಿನ ಅಂಚನ್ನು ಅಂದಿನಂತೆಯೇ ಜಗ್ಗಿ, ಟೇಪು ಇಟ್ಟೆ. ಇಪ್ಪತ್ತೆರಡು. ಸರಿಯಾಗಿದೆ, ನನ್ನ ಕಥೆ ಖರೆ. ಅಲ್ಲಿಗೇ ಬಿಡಬಹುದಿತ್ತು. ಕೈ ಸುಮ್ಮನಿರದೆ ಒಂದೂವರೆ ಗೇಣು ಮೇಲೆ, ಎದೆ ಬರುವಲ್ಲಿ, ಹಾಗೆಯೇ ಜಗ್ಗಿ ಅಳೆದೆ. ಹತ್ತೊಂಬತ್ತರ ಮೇಲೆ ಹೋಗಲಿಲ್ಲ. ಕನ್ನಡಕ ಹಾಕಿ ನೋಡಿದೆ. ಕೆಳಗಿನಿಂದ ನೆಟ್ಟಗೆ ಬಂದ ಒಂದು ಉಬ್ಬುಗೆರೆ ಪಕ್ಕೆಯ ಹತ್ತಿರ ಸಣ್ಣಗಾಗುತ್ತ ಬಂದು, ಪಕ್ಕದ ಗೆರೆಯಲ್ಲಿ ಮುಳುಗಿಹೋಗಿದೆ. ಅದರ ಮೇಲೆ ಇನ್ನೊಂದು. ಎಡಕ್ಕೆ ಇದ್ದಂತೆಯೇ ಬಲಕ್ಕೆ, ಮುಂದೆ ಇದ್ದಂತೆಯೇ ಹಿಂದೆ. ಕುಣಿಕೆ ಜಾರಿದರೆ ಹೀಗಾಗುವುದಿಲ್ಲ. ಎರಡು ಕುಣಿಕೆಗಳನ್ನು ಕೂಡಿಸಿ ಒಂದು ಮಾಡುತ್ತ, ಎಣಿಸಿ, ಬೇಕೆಂದೇ ಯಾರೋ ಕಿರಿದು ಮಾಡಿದ್ದಾರೆ.

ಯಾರೋ ಅಂದರೆ ನಾನೇ. ಬೇರೆ ಯಾರೂ ಅದನ್ನು ಮುಟ್ಟಿಲ್ಲ.

ಯಾವಾಗ? ಸ್ವೆಟರು ಅಷ್ಟೆತ್ತರಕ್ಕೆ ಬಂದದ್ದು ಎಳ್ಳಮವಾಸ್ಯೆಯ ಸುಮಾರಿಗೆ. ಆ ಸಲ ಹೋದಾಗ ಅಣ್ಣ ಬಚ್ಚಲ ಕಲ್ಲಿನ ಮೇಲೆ ಬೆನ್ನು ಬಾಗಿಸಿ ಕೂತಿದ್ದ, ವೈನಿ ನೀರು ಹಾಕುತ್ತಿದ್ದರು. ಬೆನ್ನಿನ ಮೇಲೆ ಗೆರೆ, ತಗ್ಗು, ಗೆರೆ, ತಗ್ಗು. ನಾನು ಮುಖ ತಿರುಗಿಸಿ ಒಳಗೆ ಹೋದೆ. ಸಂಜೆಯ ಬಸ್ಸು ಹುನಗುಂದದಲ್ಲಿ ನಿಂತದ್ದು ನೆನಪಿದೆ, ಸೇಂಗಾ ಮಾರುವವಳು ಕಿಟಕಿಗೆ ಬಂದದ್ದು ನೆನಪಿದೆ. ಮಡಿಲಲ್ಲಿ ಕೈಗಳು ಏನು ಮಾಡುತ್ತಿದ್ದವೆಂದು ನೆನಪಿಲ್ಲ. ಬಾಯಿ ಇನ್ನೂ 'ಮೈ ಹಿಡೀತಿ' ಅನ್ನುತ್ತಿತ್ತು; ಕೈಗಳು ಅವನನ್ನು ಬಿಟ್ಟುಕೊಟ್ಟಾಗಿತ್ತು. ಜಗ್ಗಿ ಅಳೆದದ್ದು ಸುಳ್ಳಲ್ಲ. ಆದರೆ ಅಷ್ಟನ್ನೇ ಹೇಳಿದ್ದು ಸುಳ್ಳು.

ಅವನಿಗೆ ಗೊತ್ತಾಗಿತ್ತೇ? ಕಣ್ಣು ಮುಚ್ಚಿ ಎಳೆ ಹಿಡಿಯುತ್ತಿದ್ದವನು. ಕೊನೆಯ ದಿನಗಳಲ್ಲಿ ಮಂಚದ ಮೇಲೆ ಕೂತು ಬಲಗೈಯನ್ನು ಎಡಪಕ್ಕೆಗೆ ಇಟ್ಟು ಹೆಬ್ಬೆರಳಿನಿಂದ ತಿಕ್ಕುತ್ತಿದ್ದ, ನೋವಿರಬೇಕೆಂದು ನಾವು ಎಣ್ಣೆ ಹಚ್ಚುತ್ತಿದ್ದೆವು. ಹೀಗೆ ಬರೆದ ಕೂಡಲೇ ನನಗೆ ಅನುಮಾನ. ಆ ಹೆಬ್ಬೆರಳು ನಿನ್ನೆಯವರೆಗೆ ನನ್ನ ನೆನಪಿನಲ್ಲಿ ಇತ್ತೇ, ಇಲ್ಲಾ ಇವತ್ತು ಬೆಳಿಗ್ಗೆ ನಾನೇ ತಂದು ಇಟ್ಟೆನೇ? ವೈನಿಗೆ ಫೋನು ಮಾಡಿದೆ.

"ಕೈ?" ಅಂದರು. "ಚಳಿಗೆ ಬಗಲಾಗ ಕೈ ಇಟ್ಕೊಂಡು ಕೂಡತಿದ್ರು. ಎಲ್ಲಾರೂ ಇಟ್ಕೊಂತಾರಲ್ಲ. ಯಾಕ ನೀಲವ್ವಾ?"

"ಏನಿಲ್ರಿ ವೈನಿ. ಸುಮ್ನ."

ನೆನಪಿನ ಸಾಕ್ಷಿ ಬೇಡವೆಂದು ಮತ್ತೆ ಸ್ವೆಟರಿನ ಮುಂದೆ ಕೂತೆ. ಬಲಪಕ್ಕೆಯ ಉಣ್ಣೆ ಇನ್ನೂ ಹೊಸತರಂತೆ ಒರಟಾಗಿದೆ. ಎಡಪಕ್ಕೆಯನ್ನು ಜಗ್ಗಿ ಬೆಳಕಿಗೆ ಹಿಡಿದೆ. ಮೊದಲ ಗೆರೆ ಮುಳುಗಿದ ಜಾಗದಲ್ಲಿ, ಅಲ್ಲಿ ಮಾತ್ರ, ಉಣ್ಣೆ ಸವೆದು, ಜುಂಗೆಲ್ಲ ಉದುರಿ, ಎಳೆ ತೆಳ್ಳಗಾಗಿದೆ. ಹೆಬ್ಬೆರಳಿಟ್ಟು ನೋಡಿದೆ. ಸವೆದ ಜಾಗ ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡದು.

ಕೈ ಬಿಟ್ಟೆ. ಗೆರೆಗಳು ಒಂದಕ್ಕೊಂದು ಒತ್ತಿಕೊಂಡವು, ಆ ಜಾಗ ಕಾಣದಾಯಿತು.